ಹಕ್ಕಿ ಕರೆದದ್ದು, ಬಾವಲಿ ಓಗೊಟ್ಟದ್ದು

ಫೆಬ್ರವರಿ 19, ಸೋಮವಾರ. ಸಂಜೆ 7.40

ನೆರೆದಿರುವ ಸಭಾಸದರೇ! ಮುಂದೆ ಚಾಪೆ ಹಾಸಿ ಕೂತ ತಾಯಂದಿರೇ, ಹಿಂದೆ ನಿಂತು ಬೀಡಿ ಹಚ್ಚಿದ ಗಂಡಸರೇ, ಹುಣಸೆಮರ ಹತ್ತಿ ಕೂತ ಪಡ್ಡೆಗಳೇ! ಸದ್ದು! ಸದ್ದು!

ಯಾರೂ ಇಲ್ಲ. ಒಂದು ಹಾರ್ಮೋನಿಯಂ, ಒಂದು ನೀರಿನ ಕೊಡ, ಗೋಡೆ ಮೇಲೆ ಎರಡು ಹಲ್ಲಿ. ಆದರೂ ಪುಸ್ತಕ ತೆರೆದರೆ ಕೈ ಹೀಗೇ ಶುರು ಮಾಡುತ್ತದೆ. ನಲವತ್ತೊಂದು ವರ್ಷ ಊರೂರಿಗೆ ಪೌರಾಣಿಕ ಆಟ ಕಲಿಸಿದ ಕೈ. ಜನರಿಲ್ಲದೆ ಬರೆಯಲು ಬಾರದು.

ಕೆಲಸಕ್ಕೆ ಸೇರಿ ಇಂದಿಗೆ ಇಪ್ಪತ್ತು ದಿನ. ಚಂದಕವಾಡಿ ಊರಾಚೆ ಮುಚ್ಚಿಹೋದ ರೇಷ್ಮೆಗೂಡಿನ ಗೋದಾಮು. ಕಲ್ಲಿನ ಗೋಡೆ, ಹೆಂಚಿನ ಮಾಡು, ಒಳಗೆ ಆರು ಮರದ ಕಂಬ. ಮಾಡಿನ ಕತ್ತಲಲ್ಲಿ ನಲವತ್ತು ಚಿಲ್ಲರೆ ಬಾವಲಿ. ಹೊರಗಿನ ಬೇವಿನ ಮರದಲ್ಲಿ ಒಂದು ಮಡಿವಾಳ ಹಕ್ಕಿ. ಗುಂಡ್ಲುಪೇಟೆಯ ಪ್ರಿಯಾಂಕ, ಮೈಸೂರಿನಲ್ಲಿ ಪಿಎಚ್‌ಡಿ ಮಾಡುವ ಹುಡುಗಿ, ಇವೆರಡನ್ನೂ ಅಕ್ಕಪಕ್ಕ ಇಟ್ಟು ತೂಗುತ್ತಿದ್ದಾಳೆ. ಹಾಡನ್ನು ಹಕ್ಕಿ ಹೇಗೆ ಕಲಿಯುತ್ತದೆ, ಬಾವಲಿ ಹೇಗೆ ಕಲಿಯುತ್ತದೆ... ಬಾವಲಿಯೂ ಹಾಡುತ್ತದಂತೆ! ನಮ್ಮ ಕಿವಿಗೆ ನಿಲುಕದ ಶ್ರುತಿಯಲ್ಲಿ. ಮೆಷಿನ್ ಹಿಡಿಯುತ್ತದೆ, ಲ್ಯಾಪ್‌ಟಾಪ್ ಹತ್ತು ಪಟ್ಟು ನಿಧಾನ ಮಾಡುತ್ತದೆ, ಆಗ ಮನುಷ್ಯರಿಗೆ ಕೇಳುತ್ತದೆ.

ಬೆಳಗಿನ ಜಾವ ಹಕ್ಕಿಗೆ, ಸಂಜೆ ಬಾವಲಿಗೆ ಮೆಷಿನ್ ಹಾಕುವುದು, ತೆಗೆಯುವುದು — ನನ್ನ ಕೆಲಸ. ಸ್ವರ ಗುರುತಿಸುವ ಕಿವಿ ಬೇಕೆಂದು ಬೇಗೂರಿನ ನನ್ನ ಮನೆಗೇ ಹುಡುಕಿಕೊಂಡು ಬಂದಳು. ಗೋದಾಮಿನ ಎದುರಿಗೇ ರೂಮು ಮಾಡಿಕೊಟ್ಟಿದ್ದಾಳೆ. ಕರಾರು ಒಂದೇ.

"ಮೇಷ್ಟ್ರೇ, ಅಲ್ಲಿ ಮಾತಾಡ್ಬಾರ್ದು. ಹಾಡ್ಲಂತೂ ಕೂಡ್ದು. ಮನುಷ್ಯರ ಹಾಡು ಇವುಗಳ ಕಿವೀಗ್ ಬಿತ್ತು ಅಂದ್ರೆ ನನ್ ಕೆಲ್ಸ ಎಲ್ಲಾ ನೀರಲ್ಲಿ ಹೋಮ."

"ಆಯ್ತು ಕಣಮ್ಮಿ" ಅಂದೆ.

ಅಂದೆ. ಆದರೆ ಇಪ್ಪತ್ತೆರಡು ವರ್ಷದ ಹಿಂದೆ ಇದೇ ಗೋದಾಮಿನಲ್ಲಿ ಮೂರು ತಿಂಗಳು ಆಟದ ತಾಲೀಮು ನಡೆಸಿದವನು ನಾನು. ತಾಲೀಮು ನಡೆದ ಜಾಗದ ಹೊಸಿಲನ್ನು ನಾಂದಿ ಹಾಡದೆ ದಾಟಬಾರದು. ಅಪ್ಪ ನನಗೆ ಹೇಳಿಕೊಟ್ಟ ಕಟ್ಟಳೆ. ಬಾಯಿ ಮುಚ್ಚಿಕೊಂಡು ಹೋಗಲು ನೋಡಿದೆ. ಕಾಲೇ ಏಳಲಿಲ್ಲ. ಹಾಗಾಗಿ ಮೆಷಿನ್ ಒತ್ತುವ ಮುಂಚೆ, ಹೊಸಿಲಲ್ಲಿ ನಿಂತು, ಗಂಟಲು ಎರಡು ಸಲ ಸರಿಮಾಡಿ — ಹ್ಞಾ, ಹ್ಞಾ — ಒಂದೇ ಒಂದು ಸಾಲು:

ಬಂದೇವು ಬಂದೇವು, ಬಾಗಿಲ ತೆರೆಯೋ...

ಇದು ಕರೆ. ಪರದೆಯ ಮುಂದೆ ನಿಂತವನ ಪಾಲು. ಪರದೆಯ ಹಿಂದಿನವನು ಓಗೊಡಬೇಕು: ತೆರೆದೈತೆ ಬಾಗಿಲು, ನೀ ಬಾರೋ ಒಳಗೆ. ಅದು ಬರುವ ತನಕ ಮುಂದಿನವನು ಬಾಯಿ ಮುಚ್ಚಿ ಕಾಯಬೇಕು. ಈಗ ಓಗೊಡುವವನಿಲ್ಲ. ಅಷ್ಟು ಹೊತ್ತು ಸುಮ್ಮನೆ ನಿಂತು, ಆಮೇಲೆ ಒಳಗೆ ಹೋಗುತ್ತೇನೆ.

ಓಗೊಡುವವನನ್ನು ಓಡಿಸಿದವನು ನಾನೇ. ಆ ಕಥೆ ಇವತ್ತು ಬೇಡ.

ಫೆಬ್ರವರಿ 27. ಬೆಳಗ್ಗೆ 8

ಸೋಮೇಶನ ಟೀ ಅಂಗಡಿ. ಇಡೀ ಬೆಂಚಿಗೆ ಕೇಳುವ ಹಾಗೆ ಕೂಗಿದ. "ಏನ್ ಮೇಷ್ಟ್ರೇ, ಬಾವ್ಲಿಗೊಳ್ಗೆ ಆಟ ಕಲಿಸ್ತಾ ಇದ್ದೀರಂತೆ! ರಾಜನ್ ಪಾರ್ಟು ಯಾವುದ್ಕೆ ಕೊಟ್ರಿ?"

"ನಿನ್ನಂಗೆ ತಲೆಕೆಳ್ಗಾಗಿ ನೇತಾಡ್ಕಂಡು ಕೆಲ್ಸ ಮಾಡ್ದೆ ಇರೋದ್ಕೆ ಕಣ್ಲಾ."

ಬೆಂಚು ನಕ್ಕಿತು. ನನ್ನ ಗಂಟಲಿಗೆ ಇನ್ನೂ ಬೆಂಚು ನಗಿಸುವ ಶಕ್ತಿ ಇದೆ. ಸಂತೋಷ.

ಹಕ್ಕಿಯನ್ನು ನೋಡಿದಷ್ಟೂ ನಮ್ಮ ಪೈಕಿಯೇ ಅನ್ನಿಸುತ್ತದೆ. ಕಪ್ಪು ಕೋಟು, ಬಿಳಿ ಅಂಗಿ. ಬಾಲ ಎತ್ತಿ, ಎದೆ ಮುಂದೆ ಮಾಡಿ, ಎಲ್ಲರಿಗೂ ಕಾಣುವ ತುದಿಕೊಂಬೆಯಲ್ಲೇ ನಿಲ್ಲಬೇಕು. ಹಾಡು ಮುಗಿಸಿ ಒಂದು ಗಳಿಗೆ ಸುಮ್ಮನಿರುತ್ತದೆ — ಚಪ್ಪಾಳೆಗೆ! ಬಾವಲಿ ಹಾಗಲ್ಲ. ಬೂದು ಮೈ, ಮೊಲದ ಕಿವಿ, ಮೂಗಿನ ಮೇಲೆ ಎಲೆಯಂಥ ಚರ್ಮ, ಬಾಲ ಇಲ್ಲ. ಬೆಳಕಿಗೆ ಬೆನ್ನು. ಹಾಡಿದ್ದು ಯಾರಿಗೂ ಕೇಳಬಾರದು. ಪರದೆ ಹಿಂದಿನ ಜಾತಿ.

ಪ್ರಿಯಾಂಕ ಬಂದಿದ್ದಳು. ಮಾಡಿನ ಕೆಳಗೆ ಬಿದ್ದದ್ದನ್ನೆಲ್ಲ ಕವರಿಗೆ ತುಂಬಿದಳು. ಕಪ್ಪೆಕಾಲು, ಹಲ್ಲಿಬಾಲ, ದುಂಬಿಯ ರೆಕ್ಕೆ.

"ಹಣ್ಣು ತಿನ್ನಲ್ವಾ?" ಅಂದೆ.

"ಈ ಜಾತಿ ತಿನ್ನಲ್ಲ ಮೇಷ್ಟ್ರೇ. ಬೇಟೆ ಆಡ್ತದೆ. ಇಲಿ, ಕಪ್ಪೆ... ಒಂದೊಂದ್ಸಲ ಸಣ್ಣ ಹಕ್ಕೀನೂ."

ಬೇವಿನ ಮರದ ಕಡೆ ನೋಡಿದೆ. ಹಕ್ಕಿ ಬಾಲ ಎತ್ತಿ ನಿಂತಿತ್ತು.

ಮಾರ್ಚ್ 14. ಬೆಳಗ್ಗೆ 5.50

ಈಗಲೇ ಬರೆದುಬಿಡಬೇಕು.

ಇನ್ನೂ ಮಸುಕು. ಮೆಷಿನ್ ಹಾಕಿ ಮರದ ಬುಡದಲ್ಲಿ ಕೂತೆ. ಹಕ್ಕಿ ತುದಿಕೊಂಬೆಗೆ ಬಂತು. ಮೊದಲು ಗಂಟಲಲ್ಲಿ ಎರಡು ಸಲ ಕಿಟ್, ಕಿಟ್ ಅಂದಿತು. ಆಮೇಲೆ ಹಾಡು. ನನ್ನ ಕರೆ! ಬಂದೇವು ಬಂದೇವು, ಬಾಗಿಲ ತೆರೆಯೋ — ಮಾತಿಲ್ಲ, ಬರೀ ಧಾಟಿ. ತೆರೆಯೋ ಅನ್ನುವಲ್ಲಿ ನಾನು ಎಳೆಯುವ ಎಳೆತದ ಸಮೇತ. ಹಾಡಿ ಸುಮ್ಮನಾಯಿತು. ನಾನು ನಿಲ್ಲುವಷ್ಟೇ ಹೊತ್ತು. ಮತ್ತೆ ಅದೇ.

ಮೊದಲು ಬಂದದ್ದು ಹೆಮ್ಮೆ. ಸುಳ್ಳೇಕೆ ಹೇಳಲಿ. ನಲವತ್ತೊಂದು ವರ್ಷದಲ್ಲಿ ಇಷ್ಟು ಬೇಗ ಕಲಿತ ಶಿಷ್ಯ ಇನ್ನೊಬ್ಬನಿಲ್ಲ.

ಆಮೇಲೆ ಕರಾರು ನೆನಪಾಯಿತು. ಹುಡುಗಿಯ ಕೆಲಸ ಕೆಡಿಸಿಬಿಟ್ಟೆ. ಹೇಳಬೇಕು. ನಾಡಿದ್ದು ಬರುತ್ತಾಳೆ. ಹೇಳುತ್ತೇನೆ.

ಮಾರ್ಚ್ 16. ಮಧ್ಯಾಹ್ನ

ಹೇಳಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಅವಳು ಲ್ಯಾಪ್‌ಟಾಪ್ ತೆರೆದಳು.

"ಇದು ಕೇಳಿ ಮೇಷ್ಟ್ರೇ. ಹದಿನೇಳನೇ ನಂಬರ್ ಉಂಗುರದ ಗಂಡು ಬಾವ್ಲಿ. ಹೋದ್ವರ್ಷ ಇಲ್ಲೇ ಹುಟ್ಟಿದ್ದು, ನಾನೇ ಉಂಗುರ ಹಾಕಿದ್ದು. ಯಾವ್ ಸ್ವರ ಅಂತ ಗುರ್ತು ಮಾಡ್ಕೊಡಿ."

ಖಾಲಿ ಬಾಟಲಿಯ ಬಾಯಿಗೆ ದೂರದಲ್ಲಿ ಯಾರೋ ಊದಿದ ಹಾಗೆ ಶುರುವಾಯಿತು. ಏರಿತು. ತಿರುಗಿತು. ಕೊನೆಯಲ್ಲಿ ಒಂದು ಸಣ್ಣ ಜಾರು — ಬಾವಿಗೆ ಬಿಟ್ಟ ಕೊಡ ನೀರು ಮುಟ್ಟಿ ಮತ್ತೆ ಎದ್ದ ಹಾಗೆ.

ತೆರೆದೈತೆ ಬಾಗಿಲು, ನೀ ಬಾರೋ ಒಳಗೆ.

ಓಗೊಡುವ ಪಾಲು. ನಾನು ಹಾಡಿದ್ದಲ್ಲ. ಈ ಇಪ್ಪತ್ತೆರಡು ವರ್ಷದಲ್ಲಿ ಆ ಸಾಲನ್ನು ನಾನು ಬಾಯಿಗೇ ತಂದಿಲ್ಲ. ಕೊನೆಯ ಆ ಜಾರು ಪ್ರಪಂಚದಲ್ಲಿ ಒಬ್ಬನ ಗಂಟಲಲ್ಲಿ ಮಾತ್ರ ಇತ್ತು. ಮೂಗಯ್ಯ.

"ಯಾಕ್ ಮೇಷ್ಟ್ರೇ, ಬೆವರ್ತಾ ಇದ್ದೀರಿ?"

"ಸೆಕೆ ಕಣಮ್ಮಿ."

ಕಥೆ ಬರೆಯದೆ ಇವತ್ತು ನಿದ್ದೆ ಬಾರದು. ಮೂಗಯ್ಯ ಇದೇ ಊರಿನವನು. ಹಗಲು ಕೂಲಿ, ಸಂಜೆ ತಾಲೀಮು. ಹಾಡುವಾಗ ಯಾರಾದರೂ ಮುಖ ನೋಡಿದರೆ ಸ್ವರ ಬೀಳುತ್ತಿತ್ತು. ಪರದೆ ಹಿಂದೆ ನಿಲ್ಲಿಸಿದೆ. ಗೋದಾಮಿನ ಮೂರನೇ ಕಂಬದ ಹಿಂದೆ ಅವನ ಜಾಗ. ಅಲ್ಲಿಂದ ಓಗೊಟ್ಟರೆ ಹೆಂಚು ನಡುಗುತ್ತಿತ್ತು. ಆಗಲೂ ಮೇಲೆ ಬಾವಲಿ ಇದ್ದವು. ನಾವು ತಲೆ ಎತ್ತಿ ನೋಡುತ್ತಿರಲಿಲ್ಲ.

ಆಟದ ದಿನ. ಚಾಮರಾಜನಗರದಲ್ಲಿ ಸ್ಟೇಜು. ಕಿಕ್ಕಿರಿದ ಜನ. ನಾನು ಕರೆ ಹಾಡಿದೆ. ಜನ ಹುಚ್ಚೆದ್ದು ಶಿಳ್ಳೆ ಹೊಡೆದರು. ಆ ಶಿಳ್ಳೆ ತಲೆಗೇರಿತು. ಕಾಯಲಿಲ್ಲ. ಓಗೊಡುವ ಸಾಲನ್ನೂ ನಾನೇ ಹಾಡಿಬಿಟ್ಟೆ. ಒನ್ಸ್ ಮೋರ್! ಮತ್ತೆ ಎರಡನ್ನೂ ಹಾಡಿದೆ. ಮೂರನೇ ಸಲವೂ. ಪರದೆ ಸರಿದಾಗ ಮೂಗಯ್ಯ ಬಾಯಿ ತೆರೆದುಕೊಂಡೇ ನಿಂತಿದ್ದ. ಹೆಗಲ ಟವೆಲ್ಲು ಒದರಿ, ಹಾಕಿಕೊಂಡು, ಹಿಂದಿನಿಂದ ಇಳಿದು ಹೋದ. ಮುಂದೆ ಯಾವ ಆಟಕ್ಕೂ ಬರಲಿಲ್ಲ. ನಾನು ಕರೆಯಲೂ ಇಲ್ಲ. ಬೇಗೂರು ಸೇರಿಕೊಂಡೆ. ನಾಲ್ಕು ವರ್ಷದ ಹಿಂದೆ ಸತ್ತ ಸುದ್ದಿ ಬಂತು. ಹೋಗಲಿಲ್ಲ.

ಅವನ ಹೆಂಡತಿ ದೊಡ್ಡಮಲ್ಲಮ್ಮ ಇಲ್ಲೇ ಇದ್ದಾಳೆ. ಟೀ ಅಂಗಡಿಯಿಂದ ಎರಡನೇ ಬೀದಿ. ಬಂದಾಗಿನಿಂದ ಆ ಬೀದಿಗೆ ಕಾಲಿಟ್ಟಿಲ್ಲ.

ಮಾರ್ಚ್ 17

ನಾಂದಿ ಹಾಡಲಿಲ್ಲ. ಹೊಸಿಲೂ ದಾಟಲಿಲ್ಲ. ಕಿಟಕಿಯಿಂದ ಕೈ ತೂರಿಸಿ ಮೆಷಿನ್ ಇಟ್ಟೆ.

ಏಪ್ರಿಲ್ 9. ಯುಗಾದಿ

ಮೂರು ವಾರ ಏನೂ ಬರೆದಿಲ್ಲ. ಜನರನ್ನು ಕರೆಯಲೂ ಮನಸ್ಸಿಲ್ಲ, ಸಭಾಸದರೇ.

ನಾನು ನಿಲ್ಲಿಸಿದೆ. ಹಕ್ಕಿ ನಿಲ್ಲಿಸಿಲ್ಲ. ಬೆಳಗ್ಗೆ ಕರೆಯುತ್ತದೆ, ಸಂಜೆ ಕರೆಯುತ್ತದೆ. ಕರೆದು ಸುಮ್ಮನಾಗುತ್ತದೆ. ಆ ಸುಮ್ಮನಿರುವ ಹೊತ್ತಿನಲ್ಲಿ ಗೋದಾಮಿನೊಳಗೆ ನನ್ನ ಕಿವಿಗೆ ಏನೂ ಇಲ್ಲ. ಮೆಷಿನ್ ಕಿವಿಗೆ ಇದೆ. ಪ್ರಿಯಾಂಕ ಗಡಿಯಾರ ಇಟ್ಟು ನೋಡಿದ್ದಾಳೆ. "ವಿಚಿತ್ರ ಮೇಷ್ಟ್ರೇ. ಹಕ್ಕಿ ನಿಲ್ಸಿದ್ ತಕ್ಷಣ ಬಾವ್ಲಿ ಶುರು ಮಾಡ್ತದೆ. ಎರಡು ಬೇರೆ ಜಾತಿ ಹಿಂಗೆ ಸರದಿ ಮೇಲೆ ಹಾಡಿದ್ದು ನಾನು ಎಲ್ಲೂ ಓದಿಲ್ಲ."

ಕಣ್ಣು ಅರಳಿಸಿಕೊಂಡು ಹೇಳಿದಳು. ಬೇವುಬೆಲ್ಲ ಕೊಟ್ಟಳು. ನನಗೆ ಬೇವು ಮಾತ್ರ ಸಿಕ್ಕಿತು.

ಮೇ 5, ಭಾನುವಾರ

ಹೇಳಿದೆ. ನಿಂತು, ಕೈ ಮುಗಿದು, ಎಲ್ಲ ಹೇಳಿದೆ. ದಿನಾ ಹೊಸಿಲಲ್ಲಿ ಹಾಡಿದ್ದು, ಹಕ್ಕಿ ಕಲಿತದ್ದು ನನ್ನಿಂದ.

ಪ್ರಿಯಾಂಕ ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಆಮೇಲೆ — "ಒಂದೇ ಒಂದ್ ಮಾತ್ ಕೇಳ್ಕೊಂಡಿದ್ದೆ ನಿಮ್ಮನ್ನ."

"ತಪ್ಪಾಯ್ತು."

"ತಪ್ಪಾಯ್ತು ಅನ್ನೋದನ್ನೂ ಡೈಲಾಗ್ ಥರಾನೇ ಅಂತೀರಲ್ಲ ಮೇಷ್ಟ್ರೇ! ಸಣ್ಣ ದನಿಲಿ ಹೇಳೋಕ್ ಬರಲ್ವಾ ನಿಮ್ಗೆ?"

ಬರುವುದಿಲ್ಲ. ಕಲಿತಿಲ್ಲ.

ಗುಂಡ್ಲುಪೇಟೆ ಬಸ್ಸಿಗೆ ಹೋದಳು. ಬ್ಯಾಗು ಕಟ್ಟಿಡಿ ಎಂದಿಲ್ಲ. ಇರಿ ಎಂದೂ ಇಲ್ಲ.

ಮೇ 8. ರಾತ್ರಿ ಊಟದ ಹೊತ್ತು

ಫೋನ್ ಮಾಡಿದಳು. ದನಿ ಬೇರೆ ಇತ್ತು.

"ಮೇಷ್ಟ್ರೇ, ಹಳೇ ರೆಕಾರ್ಡಿಂಗ್ ಎಲ್ಲಾ ತೆಗ್ದು ಕೇಳ್ದೆ. ನೀವು ಬರೋಕ್ ಎರಡ್ ವರ್ಷ ಮುಂಚೆದು. ಹಕ್ಕಿದ್ರಲ್ಲಿ ನಿಮ್ ಹಾಡಿಲ್ಲ. ಹಕ್ಕಿಗ್ ಕಲಿಸ್ದೋರು ನೀವೇ. ಆದ್ರೆ ಬಾವ್ಲಿ..."

"ಬಾವ್ಲಿ?"

"ಮೊದಲ್ನೇ ದಿನದ್ ರೆಕಾರ್ಡಿಂಗಲ್ಲೇ ಐತೆ. ಅದೇ ಹಾಡು. ಕೊನೇಲಿ ಅದೇ ಜಾರು. ಮುದಿ ಗಂಡುಗಳು ಹಾಡ್ತವೆ, ಮರಿಗಳು ಕೇಳ್ಕಂಡು ಕಲೀತಾ ಇದ್ದಾವೆ. ಯಾರೋ ಕಲಿಸವ್ರೆ ಮೇಷ್ಟ್ರೇ. ಬಾಳಾ ದಿನ, ಬಾಳಾ ವರ್ಷ ಹಾಡವ್ರೆ ಅಲ್ಲಿ. ಯಾರು ಅಂತ ತಿಳ್ಕೊಂಡು ಹೇಳಿ. ಅದು ಗೊತ್ತಾದ್ರೆ ನನ್ ಕೆಲ್ಸ ಉಳೀತದೆ."

ಬರೀ ಮೂರು ತಿಂಗಳ ತಾಲೀಮಿಗೆ ಬಾವಲಿ ಕಲಿಯುತ್ತವೆಯೇ? ಬಹಳ ವರ್ಷ ಅಂದಳು. ಎರಡನೇ ಬೀದಿಗೆ ಹೋಗಲೇಬೇಕು.

ಮೇ 12. ಸಂಜೆ

ಹೋದೆ.

ದೊಡ್ಡಮಲ್ಲಮ್ಮ ಜಗುಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದಳು. ತಲೆ ಎತ್ತದೆ ಅಂದಳು: "ಬನ್ನಿ ಮೇಷ್ಟ್ರೇ. ಚಪ್ಲಿ ಸದ್ದಲ್ಲೇ ತಿಳೀತು. ನಡಿಯೋದ್ನೂ ಸ್ಟೇಜ್ ಮೇಲೆ ನಡ್ದಂಗೇ ನಡೀತೀರಿ."

ಕೂತೆ. ಕೇಳಿದೆ. ಗೋದಾಮಿನಲ್ಲಿ ಮೂಗಯ್ಯ ಯಾವತ್ತಾದರೂ...

"ಯಾವತ್ತಾದ್ರೂ ಏನು. ದಿನಾ ಓಗೋರು. ನೀವು ಅವ್ರ್ ಬಾಯಿಗ್ ಮಣ್ ಆಕ್ದ ಮಾರ್ನೇ ದಿನದಿಂದ ಇಡ್ಕಂಡು ಸಾಯೋ ವಾರದ್ ಗಂಟ. ಕೂಲಿ ಮುಗುಸ್ಕಂಡು, ಕೈಕಾಲ್ ತೊಳ್ಕಂಡು, ಆ ಕಂಬದ್ ಇಂದೆ ನಿಂತ್ಕಳೋರು. ಆ ಒಂದ್ ಸಾಲು ಆಡೋರು. ಬರೋರು. ಅದಿನೆಂಟು ವರ್ಸ."

"ಒಬ್ಬನೇ?"

"ಇನ್ಯಾರ್ ಓದಾರು? ನಾನ್ ಕೇಳ್ದೆ ಒಂದಿನ. ಕರ್ಯೋರಿಲ್ದೆ ಯಾರ್ಗೆ ಓಗೊಡ್ತೀರಿ ಅಂದೆ. ಮೇಷ್ಟ್ರು ಒಂದಿನ ಬತ್ತಾರೆ ಕಣಮ್ಮಿ, ಬಂದಾಗ ನನ್ ಸ್ವರ ಬಿದ್ದೋಗಿರ್ಬಾರ್ದು ಅಂದ್ರು."

ಅವನು ಕಾದದ್ದು ನನಗೆ. ನನಗೆ! ಕ್ಷಮಿಸು ಅಂದೆ. ಸಣ್ಣ ದನಿಯಲ್ಲೇ ಬಂತು.

"ನನ್ತಾವ್ ಯಾಕ್ ಕೇಳೀರಿ? ನನ್ ಸಾಲಾ ನೀವ್ ಕಿತ್ಕಂಡಿದ್ದು?" ಮೊರ ಕೊಡವಿದಳು. "ನಿಮ್ ಗಂಟ್ಲು ದೊಡ್ದು ಮೇಷ್ಟ್ರೇ. ಕಿವಿ ಸಣ್ದು. ಅಷ್ಟೇಯ."

ಎದ್ದು ಬರುವಾಗ ಹಿಂದಿನಿಂದ ಅಂದಳು: "ಅವ್ರ್ ಪಾಲು ಅವ್ರ್ಗೆ ಬುಟ್ಬುಡಿ. ಕರ್ದು ಸುಮ್ಕಿರಿ. ಅಷ್ಟ್ ಮಾಡಿ ಸಾಕು."

ಮೇ 13. ಬೆಳಗ್ಗೆ

ಪ್ರಿಯಾಂಕಳಿಗೆ ಹೇಳಿದೆ. ಫೋನಿನಲ್ಲೇ ಅತ್ತಳು. ಅವಳ ಕೆಲಸ ಉಳಿಯಿತು. ಬಾವಲಿ ತಲೆಮಾರಿನಿಂದ ತಲೆಮಾರಿಗೆ ಹಾಡು ದಾಟಿಸುತ್ತದೆ, ಹಕ್ಕಿ ಇವತ್ತು ಕೇಳಿದ್ದನ್ನು ಇವತ್ತೇ ಕದಿಯುತ್ತದೆ. ಅದೇ ಈಗ ಅವಳ ಬರವಣಿಗೆ.

ನನ್ನ ಕೆಲಸ ಬಾಕಿ ಇದೆ. ಕರೆದು ಸುಮ್ಮನಿರಬೇಕು. ಈಗ ನಾನು ಕರೆಯುವಂತಿಲ್ಲ, ಕರಾರು. ಹಕ್ಕಿ ಕರೆಯುತ್ತದಲ್ಲ, ನನ್ನ ಕರೆಯೇ ತಾನೇ ಅದು. ಹಕ್ಕಿ ಕರೆಯಲಿ, ಅವನು ಓಗೊಡಲಿ. ದಿನಾ ಮರದ ಬುಡದಲ್ಲಿ ಕೂತು ಕೇಳುತ್ತೇನೆ. ಕಿವಿ ದೊಡ್ಡದು ಮಾಡಿಕೊಳ್ಳುತ್ತೇನೆ.

ಜೂನ್ 2. ಬೆಳಗ್ಗೆ 6.10

ಹಕ್ಕಿ ಕೂಗಲಿಲ್ಲ.

ಕಾದೆ. ಬೆಳಕಾಯಿತು. ತುದಿಕೊಂಬೆ ಖಾಲಿ. ಮೆಷಿನ್ ತೆಗೆಯಲು ಕಿಟಕಿಯಿಂದ ಗೋದಾಮಿನೊಳಗೆ ಇಳಿದೆ. ಮೂರನೇ ಕಂಬದ ಬುಡದಲ್ಲಿ ಕಪ್ಪು ಗರಿ, ಬಿಳಿ ಗರಿ. ಒಂದು ಬಾಲ, ಪೂರ್ತಿ. ನಿಂತಿದ್ದಾಗ ಎತ್ತಿದ ಹಾಗೇ ಎತ್ತಿಕೊಂಡಿತ್ತು.

ತಲೆ ಎತ್ತಿ ನೋಡಿದೆ. ನಲವತ್ತು ಮುಖ ನನ್ನ ಕಡೆಗೇ ತಿರುಗಿದ್ದವು. ಕಿವಿಗಳೆಲ್ಲ ನೆಟ್ಟಗೆ.

ಜೂನ್ 5. ಮಧ್ಯಾಹ್ನ

ಪ್ರಿಯಾಂಕ ನಿನ್ನೆ ಸಂಜೆಯ ರೆಕಾರ್ಡಿಂಗ್ ನಿಧಾನ ಮಾಡಿ ಹಾಕಿದಳು. ನಡುವೆ ಲ್ಯಾಪ್‌ಟಾಪಿನಿಂದ ಕೈ ತೆಗೆದು ಕೂತಳು.

ಮೊದಲು ಎರಡು ಸಲ ಗಂಟಲು ಸರಿಮಾಡಿದ ಸದ್ದು. ಹ್ಞಾ, ಹ್ಞಾ. ಆಮೇಲೆ ನನ್ನ ಕರೆ. ಎಳೆತದ ಸಮೇತ. ಒಂದು ಉಸಿರಿನಷ್ಟೂ ಬಿಡುವಿಲ್ಲದೆ, ಹಿಂದೆಯೇ ಮೂಗಯ್ಯನ ಸಾಲು. ಮತ್ತೆ ಕರೆ. ಮತ್ತೆ ಅವನ ಸಾಲು. ಮೂರು ಸಲ. ಅವತ್ತು ಸ್ಟೇಜಿನ ಮೇಲೆ ನಾನು ಹಾಡಿದ ಹಾಗೆಯೇ, ಮೂರೇ ಸಲ.

"ಹಕ್ಕಿ ಹಾಡ್ತಿದ್ದದ್ನ ಕೇಳಿ ಕೇಳಿ ಕಲ್ತಿರ್ಬೇಕು ಮೇಷ್ಟ್ರೇ" ಅಂದಳು. ದನಿಯಲ್ಲಿ ನಂಬಿಕೆ ಇರಲಿಲ್ಲ. "ಆದ್ರೆ ಹಕ್ಕಿ ಸತ್ತ ಮೂರೇ ದಿನದಲ್ಲಿ ಯಾವ್ ಬಾವ್ಲಿನೂ..."

ಲ್ಯಾಪ್‌ಟಾಪ್ ಮುಚ್ಚಿದಳು. ಪರದೆ ಹಿಂದೆ ಬಾಯಿ ತೆರೆದು ನಿಂತವನಿಗೆ ಹೇಗಿರುತ್ತದೆ ಎಂದು ಇವತ್ತು ತಿಳಿಯಿತು. ನನ್ನ ಪಾಲು ನನಗಿಲ್ಲ.

ಜೂನ್ 7, ಶುಕ್ರವಾರ. ಸಂಜೆ 7.30

ಸಭಾಸದರೇ... ಬಹಳ ದಿನದ ಮೇಲೆ ಕರೆಯುತ್ತಿದ್ದೇನೆ. ಸಣ್ಣ ದನಿಯಲ್ಲೇ ಹೇಳುತ್ತೇನೆ. ಹತ್ತಿರ ಬನ್ನಿ.

ಈಗ ಅರ್ಧ ಗಂಟೆ ಹಿಂದೆ. ಬಾವಲಿಗಳೆಲ್ಲ ಹೊರಗೆ ಹಾರಿಹೋಗಿದ್ದವು. ಒಂದೊಂದನ್ನೂ ಎಣಿಸಿದ್ದೇನೆ. ಕಿಟಕಿಯಿಂದ ಒಳಗಿಳಿದು ಮೆಷಿನ್ ಆಫ್ ಮಾಡಿದೆ. ಬ್ಯಾಟರಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ವೈರು ಸುತ್ತುತ್ತ ಮೂರನೇ ಕಂಬದ ಹಿಂದೆ ನಿಂತಿದ್ದೆ.

ಹೊಸಿಲ ಕಡೆಯಿಂದ ಹ್ಞಾ, ಹ್ಞಾ ಅಂದಿತು.

ಮೆಷಿನ್ ಇಲ್ಲದೆ. ಬರಿಗಿವಿಗೆ. ಆಮೇಲೆ ಕರೆ. ಹಕ್ಕಿಯ ಸಿಳ್ಳೆಯಲ್ಲ, ಬಾಟಲಿಯ ಊದಲ್ಲ. ಗಂಡಸಿನ ಗಂಟಲು. ನನ್ನ ಗಂಟಲು. ನಾನು ಬಾಯಿ ಮುಚ್ಚಿಕೊಂಡಿದ್ದೆ, ಕೈಯಿಂದ ಮುಟ್ಟಿ ನೋಡಿಕೊಂಡೆ. ಬಾಗಿಲ ಹೊರಗೆ ಸಂಜೆ ಬೆಳಕು. ಯಾರೂ ಇಲ್ಲ. ಹೊಸಿಲ ಮೇಲೆ ಮಾತ್ರ ಒಂದು ನೆರಳು, ಎದೆ ಮುಂದೆ ಮಾಡಿ ನಿಂತವರದು.

ಬಂದೇವು ಬಂದೇವು, ಬಾಗಿಲ ತೆರೆಯೋ...

ಹಾಡಿ ಸುಮ್ಮನಾಯಿತು. ಈ ಸಲ ಹಿಂದೆಯೇ ಓಗೊಡುವ ಸಾಲು ಬರಲಿಲ್ಲ. ಬಿಡುವು. ಅವತ್ತು ನಾನು ಮೂಗಯ್ಯನಿಗೆ ಬಿಡದ ಬಿಡುವು. ಇಡೀ ಗೋದಾಮು ಕಿವಿಯಾಗಿತ್ತು. ಕಂಬದ ಹಿಂದೆ ನಿಂತಿದ್ದವನು ನಾನೊಬ್ಬನೇ.

ನಾನು ಓಗೊಡಲಿಲ್ಲ. ಕಿಟಕಿಯಿಂದ ಹಾರಿ ಬಂದುಬಿಟ್ಟೆ. ಮೊಣಕಾಲು ತರಚಿದೆ.

ಅಲ್ಲೇ ತಪ್ಪಾಯಿತು. ಕಾದವರನ್ನು ಎರಡನೇ ಸಲ ಬಿಟ್ಟು ಬಂದೆ, ಮೊದಲ ಸಲ ಮೂಗಯ್ಯನನ್ನು.

ಪ್ರಿಯಾಂಕಳಿಗೆ ಚೀಟಿ ಬರೆದು ಹಾರ್ಮೋನಿಯಂ ಮೇಲೆ ಇಟ್ಟಿದ್ದೇನೆ: ಕರಾರು ಮುರಿಯುತ್ತಿದ್ದೇನೆ ಕಣಮ್ಮಿ, ಇದೊಂದು ಸಲ, ಹೇಳಿಯೇ ಮುರಿಯುತ್ತಿದ್ದೇನೆ.

ನಾಳೆ ಬೆಳಗ್ಗೆ ಐದಕ್ಕೆ ಏಳುತ್ತೇನೆ. ತಣ್ಣೀರು ಸ್ನಾನ. ಹೆಗಲಿಗೆ ಟವೆಲ್ಲು. ಹಕ್ಕಿ ಕೂಗುತ್ತಿದ್ದ ಹೊತ್ತಿಗೆ ಸರಿಯಾಗಿ, ಹೊಸಿಲ ಕಡೆಯಿಂದಲ್ಲ, ಕಿಟಕಿಯಿಂದ ಒಳಗಿಳಿದು ಮೂರನೇ ಕಂಬದ ಹಿಂದೆ ನಿಲ್ಲುತ್ತೇನೆ. ಬಾಗಿಲ ಕಡೆ ನೋಡುವುದಿಲ್ಲ. ಕರೆ ಬರುವ ತನಕ ಕಾಯುತ್ತೇನೆ. ಬಂದರೆ, ಪೂರ್ತಿ ಬರಲು ಬಿಟ್ಟು, ಸಣ್ಣ ದನಿಯಲ್ಲಿ, ಕೊನೆಯ ಆ ಜಾರು ತಪ್ಪದ ಹಾಗೆ, ಮೂಗಯ್ಯನ ಪಾಲು ನಾನೇ ಹಾಡುತ್ತೇನೆ: ತೆರೆದೈತೆ ಬಾಗಿಲು, ನೀ ಬಾರೋ...